ಕಬ್ಬಿಣದ ನಳಿಗೆಯ ಬಾಣ

ಮದ್ದೂರಿನ ವಾಚಕರೊಬ್ಬರು ಈ ಪುಟಕ್ಕೆ ತಮ್ಮ ಮನೆಯ ವ್ಯಾಜ್ಯವೊಂದನ್ನು ಕಳುಹಿಸಿಕೊಟ್ಟಿರುವರು. ರಾಕೆಟ್ಟಿನ ಬಲದಿಂದ ಹಾರುವ ಕ್ಷಿಪಣಿಯೂ ವಿಮಾನವೂ ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯವರು ನಿರ್ಮಿಸಿದುವೆಂದು ಅವರ ಮಗನು ಹೇಳುವನಂತೆ. ಅವೆಲ್ಲವೂ ನಮ್ಮ ಭಾರತ ರಾಮಾಯಣಗಳ ಆಗ್ನೇಯಾಸ್ತ್ರವೇ ಎಂದು ಅವರ ತಂದೆಯವರು ಸಾಧಿಸುವರಂತೆ. ಇಬ್ಬರ ವಾದದ ನಡುವೆ ತಮ್ಮ ಊಟವು ದಿನವೂ ಆರಿಹೋಗುತ್ತಿರುವುದಾಗಿಯೂ, ಯಾರ ಪಕ್ಷವು ಸರಿಯೆಂಬುದನ್ನು ನಾನು ತಿಳಿಸಬೇಕಾಗಿಯೂ ಬರೆದಿರುವರು. ತೀರ್ಪು ಕೊಡುವ ಅಧಿಕಾರ ನನಗೇನೂ ಇಲ್ಲ. ಆದರೆ ತಾತನೂ ಮೊಮ್ಮಗನೂ ಸೇರಿಕೊಂಡು ಒಂದು ಊರನ್ನು ಮರೆತಿರುವರೆಂಬುದನ್ನು ಮಾತ್ರ ನೆನಪಿಗೆ ತರಬಹುದು. ಮದ್ದೂರಿನಲ್ಲಿ ರೈಲು ಹತ್ತಿದರೆ ಮಂಡ್ಯವನ್ನೂ ಪಾಂಡವಪುರವನ್ನೂ ದಾಟಿದೊಡನೆ ಆ ಊರು ಸಿಕ್ಕುತ್ತದೆ. ಅದು ಶ್ರೀರಂಗಪಟ್ಟಣ.

ಮೊದಲು ಹಿರಿಯರ ಪಕ್ಷವನ್ನು ನೋಡೋಣ. ಸಂಸ್ಕೃತವನ್ನು ಓದಿ, ಓದಿಸಿ, ಆಯುಷ್ಯದ ಬಹುಭಾಗವನ್ನು ಕಳೆದ ನನಗೆ ಆಗ್ನೇಯಾಸ್ತ್ರದ ಮೇಲೆ ಅಭಿಮಾನವೇನೂ ಕಡಿಮೆಯಿಲ್ಲ. ಆದರೆ ಕವಿಗಳು ವರ್ಣಿಸಿದ ಅಸ್ತ್ರಕ್ಕೆ ಬಲವನ್ನು ಕೊಡುವುದು ಮಂತ್ರವೇ ಹೊರತು ಮದ್ದಲ್ಲ. ಕಾಕಾಸುರನ ಮೇಲೆ ಶ್ರೀರಾಮನು ಪ್ರಯೋಗಿಸಿದುದು ಒಂದು ದರ್ಭೆಯ ಕಡ್ಡಿಯನ್ನು. ಅಲ್ಲಿ ನಳಿಗೆಯೂ ಇಲ್ಲ, ಪೆಟ್ಲುಪ್ಪೂ ಇಲ್ಲ. ಶುಕ್ರನೀತಿಯಲ್ಲಿ ಅಗ್ನಿಚೂರ್ಣದ ಪ್ರಸ್ತಾಪವು ಬರುವುದು ನಿಜ. ಆದರೆ ಆ ಭಾಗವು ತೀರ ಈಚಿನದೆಂದು ಅನೇಕ ವಿದ್ವಾಂಸರು ಅಭಿಪ್ರಾಯಪಡುವರು. ಕಾವ್ಯವನ್ನು ಕಾವ್ಯವಾಗಿ ಓದುವುದರಿಂದ ಅದರ ಗೌರವಕ್ಕೆ ಕುಂದೇನೂ ಬಾರದು. ಸಂಸ್ಕೃತದಲ್ಲಿ ಮದ್ದಿನ ಬಾಣಗಳನ್ನು ಮಾಡುವ ಕ್ರಮವನ್ನು ನಿಜವಾಗಿ ಹೇಳುವ ಗ್ರಂಥ ಬೇಕೆಂದರೆ, ಒರಿಸ್ಸಾದ ಗಜಪತಿ ಪ್ರತಾಪರುದ್ರದೇವನ ಹೆಸರಿನಲ್ಲಿರುವ ಕೌತುಕಚಿಂತಾಮಣಿಯನ್ನು ನೋಡಬೇಕು. ಅದು ಸುಮಾರು 1500ರ ಕಾಲದ್ದು. ಅದರಲ್ಲಿರುವುದು ವಿನೋದಕ್ಕಾಗಿ ಹಚ್ಚುವ ಬಾಣಗಳ ವಿಧಾನ. ಅದಕ್ಕೂ ಮುಂಚೆ, 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು ಅಲ್ಲಿಯ ಮಹಾನವಮಿಯಲ್ಲಿ ಮದ್ದಿನ ಆಟಗಳನ್ನು ಕಂಡು ಬರೆದಿಟ್ಟಿದ್ದಾನೆ. ಈ ವಿದ್ಯೆ ಮೊದಲು ಹುಟ್ಟಿದುದು ಚೀಣಾ ದೇಶದಲ್ಲಿ. ನಮ್ಮಲ್ಲಿಗೆ ಬಂದ ಮೇಲೆ ಅದಕ್ಕೆ ‘ಬಾಣ’ವೆಂಬ ಹಳೆಯ ಹೆಸರು ಅಂಟಿಕೊಂಡಿತು. ಜಾತ್ರೆಯ ರಾತ್ರಿ ಇಂದಿಗೂ ನಾವು ‘ಬಾಣಬಿರುಸು’ ಎನ್ನುತ್ತೇವಲ್ಲವೆ? ಹೈದರನ ಮತ್ತು ಟಿಪ್ಪುವಿನ ದಂಡಿನಲ್ಲಿಯೂ ರಾಕೆಟ್ಟಿಗೆ ಇದ್ದ ಹೆಸರು ‘ಬಾಣ’ವೆಂಬುದೇ.

ಈ ಬಾಣವು ಓಡುವುದು ಹೇಗೆ? ಮಕ್ಕಳು ಬಲೂನನ್ನು ಊದಿ, ಬಾಯಿ ಕಟ್ಟದೆ ಕೈಬಿಟ್ಟರೆ ಅದು ಮನೆಯೆಲ್ಲ ಹಾರಾಡಿ ಒಲೆಯ ಬಳಿ ಬೀಳುವುದನ್ನು ಎಲ್ಲ ತಾಯಂದಿರೂ ಕಂಡಿರುವರು. ಗಾಳಿಯು ಹಿಂದಕ್ಕೆ ನುಗ್ಗುವುದರಿಂದ ಬಲೂನು ಮುಂದಕ್ಕೆ ನೂಕಲ್ಪಡುತ್ತದೆ. ರಾಕೆಟ್ಟಿನ ತತ್ತ್ವವೂ ಇಷ್ಟೇ; ಬಾಯಿಂದೂದಿದ ಗಾಳಿಗೆ ಬದಲಾಗಿ ಅಲ್ಲಿ ಉರಿಯುವ ಮದ್ದಿನ ಹೊಗೆಯಿರುವುದು. ಹೊರಗಿನ ಗಾಳಿಯನ್ನು ಒದೆದು ರಾಕೆಟ್ಟು ಮುಂದೆ ಸಾಗುವುದೆಂದು ಅನೇಕರು ತಿಳಿದಿರುವರು. ಅದು ತಪ್ಪು. ಗಾಳಿಯೇ ಇಲ್ಲದ ಆಕಾಶದಲ್ಲಿ ಅದು ಇನ್ನೂ ಚೆನ್ನಾಗಿ ಓಡುವುದು. ಈ ತಪ್ಪನ್ನು ಮಾಡಿದವರು ಸಾಮಾನ್ಯರು ಮಾತ್ರವೇ ಅಲ್ಲ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು 1920ರ ಜನವರಿಯಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಗೊಡಾರ್ಡರನ್ನು ಇದೇ ಕಾರಣಕ್ಕಾಗಿ ಹಾಸ್ಯಮಾಡಿ ಬರೆದು, ಮನುಷ್ಯರು ಚಂದ್ರನ ಕಡೆಗೆ ಹೊರಟಿದ್ದ 1969ರ ಜುಲೈ 17ರಂದು ಆ ಮಾತನ್ನು ಹಿಂದೆಗೆದುಕೊಂಡಿತು. ಅಷ್ಟರಲ್ಲಿ ಗೊಡಾರ್ಡರು ತೀರಿಹೋಗಿ 24 ವರ್ಷಗಳಾಗಿದ್ದುವು.

ಹೊಗೆಯು ಎಷ್ಟು ವೇಗದಿಂದ ಹಿಂದಕ್ಕೆ ನುಗ್ಗುವುದೋ ಬಾಣವು ಅಷ್ಟು ಬಲವಾಗಿ ಮುಂದಕ್ಕೆ ಹೋಗುವುದು. ಹೊಗೆಗೆ ವೇಗ ಬರಬೇಕಾದರೆ ನಳಿಗೆಯ ಒಳಗೆ ಒತ್ತಡ ಹೆಚ್ಚಬೇಕು. ಒತ್ತಡ ಹೆಚ್ಚಿದರೆ ನಳಿಗೆಯೇ ಒಡೆಯುವುದು. ದೀಪಾವಳಿಯ ಹೂಕುಂಡವು ಒಮ್ಮೊಮ್ಮೆ ಹೂವನ್ನು ಚೆಲ್ಲುವುದನ್ನು ಬಿಟ್ಟು ಢಂ ಎಂದು ಸಿಡಿದು ಮಕ್ಕಳ ಕೈಯನ್ನು ಸುಡುವುದಲ್ಲ, ಅಲ್ಲಿ ನಡೆಯುವುದು ಇದೇ. ಆದಕಾರಣ ರಾಕೆಟ್ಟಿನ ಸಮಸ್ಯೆಯೆಂದರೆ ಮದ್ದಿನ ಸಮಸ್ಯೆ ಎನ್ನುವುದಕ್ಕಿಂತ ಪಾತ್ರೆಯ ಸಮಸ್ಯೆ ಎನ್ನುವುದು ಹೆಚ್ಚು ಸರಿ. ಬೆಂಕಿಯನ್ನು ಹಿಡಿದಿಡಬೇಕು, ಆದರೆ ಪೂರ್ತಿ ಹಿಡಿದಿಡಬಾರದು. ಒಂದೇ ಬಾಗಿಲಿನಿಂದ ಬಿಡಬೇಕು, ಆ ಬಾಗಿಲು ಸುಟ್ಟುಹೋಗಬಾರದು. ಈ ಒಂದು ಗಂಟನ್ನು ಬಿಡಿಸುವುದರಲ್ಲಿಯೇ ಕಳೆದ ಎರಡೂವರೆ ಶತಮಾನಗಳ ರಾಕೆಟ್ಟಿನ ಚರಿತ್ರೆಯ ಬಹುಪಾಲು ಅಡಗಿರುವುದು.

ಹದಿನೆಂಟನೆಯ ಶತಮಾನದಲ್ಲಿ ಯುರೋಪಿನವರು ಬಾಣದ ನಳಿಗೆಯನ್ನು ಕಾಗದವನ್ನು ಸುತ್ತಿ ಅಂಟಿಸಿ ಮಾಡುತ್ತಿದ್ದರು. ಉತ್ಸವಗಳಿಗೆ ಅಷ್ಟು ಸಾಕು. ಶ್ರೀರಂಗಪಟ್ಟಣದವರು ಕಬ್ಬಿಣದ ತಗಡನ್ನು ಬಡಿದು ಸುತ್ತಿ, ಒಂದು ತುದಿಯನ್ನು ಮುಚ್ಚಿ, ನಳಿಗೆಯನ್ನು ಮಾಡಿದರು. ಅದು ಸುಮಾರು 8 ಅಂಗುಲ ಉದ್ದ. ಒಂದೂವರೆಯಿಂದ 3 ಅಂಗುಲ ಅಡ್ಡಗಲ. ಅದರೊಳಗೆ ಸುಮಾರು ಅರ್ಧ ಕಿಲೋ ಮದ್ದನ್ನು ಗಟ್ಟಿಯಾಗಿ ಜಡಿದು, 4 ಅಡಿಯಷ್ಟು ಉದ್ದದ ಬಿದಿರಿನ ಗಳುವಿಗೆ ತೊಗಲಿನ ಪಟ್ಟಿಯಿಂದ ಬಿಗಿಯುತ್ತಿದ್ದರು. ಹಕ್ಕಿಗೆ ಬಾಲ ಹೇಗೋ ಬಾಣಕ್ಕೆ ಬಿದಿರು ಹಾಗೆ. ಕಾಗದದ ಬಾಣವು ಹೋಗಲಾರದ ಸಾವಿರ ಗಜದ ದೂರಕ್ಕೆ ಇದು ಹೋಗುತ್ತಿತ್ತು. ದೊಡ್ಡವು ಇನ್ನೂ ದೂರ, ಒಂದು ಮೈಲಿಯನ್ನು ಮೀರಿ ಬೀಳುತ್ತಿದ್ದುವು. ಕೆಲವಕ್ಕೆ ಬಿದಿರಿನ ಬದಲು ಕತ್ತಿಯನ್ನೇ ಕಟ್ಟುತ್ತಿದ್ದುದುಂಟು.

ಕೇಳುವುದಕ್ಕೆ ಇದೇನು ಮಹಾ ಎನ್ನಿಸಬಹುದು. ಕುಲುಮೆಯ ಮುಂದೆ ಕುಳಿತು ನೋಡಿದವರಿಗೆ ಮಾತ್ರ ಅದರ ಕಷ್ಟ ತಿಳಿಯುವುದು. ತಗಡು ಒಂದೆಡೆ ತೆಳ್ಳಗಾದರೆ ಅಲ್ಲಿಯೇ ಒಡೆಯುವುದು; ದಪ್ಪವಾದರೆ ಬಾಣವು ಭಾರವಾಗಿ ಏಳದು. ಅಂಚಿಗೆ ಅಂಚನ್ನು ಬೆಸೆಯುವಾಗ ಕಾವು ಹೆಚ್ಚಾದರೆ ಕಬ್ಬಿಣ ಹಾಳು, ಕಡಿಮೆಯಾದರೆ ಬೆಸುಗೆ ನಿಲ್ಲದು. ಕಬ್ಬಿಣವು ಬಿರುಸಾಗಿದ್ದರೆ ಸಿಡಿಯುವುದು. ಮೆದುವಾಗಿದ್ದು ಎಳೆದರೆ ಬರುವಂತಿರಬೇಕು. ಅಂಥ ಕಬ್ಬಿಣವು ಆಗ ನಮ್ಮ ಸೀಮೆಯಲ್ಲಿ ಬೇಕಾದಷ್ಟಿತ್ತು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ನೋಡಿದ ಫ್ರಾನ್ಸಿಸ್ ಬುಕಾನನ್ನನು ಮಾಗಡಿಯ ಆಸುಪಾಸಿನಲ್ಲಿ ಮರಳಿನಿಂದ ಕಬ್ಬಿಣವನ್ನು ಕರಗಿಸುವವರ ತಿದಿ, ಒಲೆ, ಕೂಲಿ ಎಲ್ಲವನ್ನೂ ವಿವರವಾಗಿ ಬರೆದಿಟ್ಟಿದ್ದಾನೆ. ಇನ್ನು ಪೆಟ್ಲುಪ್ಪು: ಹಳೆಯ ಮನೆಗಳ ಗೋಡೆಯ ಬುಡದಲ್ಲಿ ಬೆಳ್ಳಗೆ ಉಕ್ಕುವ ಉಪ್ಪನ್ನು ಗೃಹಿಣಿಯರು ಶಪಿಸುತ್ತ ಗುಡಿಸುವರಷ್ಟೆ? ದನಕರುಗಳು ಬಹುಕಾಲ ನಿಂತ ಮಣ್ಣಿನಲ್ಲಿ ಈ ಜಾತಿಯ ಉಪ್ಪು ಸೇರಿರುವುದು. ಆ ಮಣ್ಣನ್ನು ಬೂದಿಯೊಡನೆ ನೆನೆಸಿ, ಸೋಸಿ, ನಮ್ಮ ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕಾಯಿಸುವ ಹಾಗೆ ಕೊಪ್ಪರಿಗೆಯಲ್ಲಿ ಕಾಯಿಸಿ, ಆರಿಸಿದರೆ ಪೆಟ್ಲುಪ್ಪಿನ ಹರಳು ಕಟ್ಟುವುದು. ಅದು ನಾಲ್ಕರಲ್ಲಿ ಮೂರು ಪಾಲು, ಉಳಿದುದರಲ್ಲಿ ಇದ್ದಿಲು ಮತ್ತು ಗಂಧಕ. ಮದ್ದು ಉರಿಯುವುದಕ್ಕೆ ಹೊರಗಿನ ಗಾಳಿ ಬೇಕಿಲ್ಲ. ಬೇಕಾದ ಆಮ್ಲಜನಕವನ್ನು ಪೆಟ್ಲುಪ್ಪು ತನ್ನ ಒಡಲಲ್ಲಿಯೇ ಇಟ್ಟುಕೊಂಡಿರುವುದು.

ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ಬಿದನೂರು ಈ ನಾಲ್ಕೆಡೆಗಳಲ್ಲಿ ಬಾಣಗಳನ್ನು ಮಾಡುವ ಕೇರಿಗಳಿದ್ದುವೆಂದೂ ಅವಕ್ಕೆ ‘ತಾರಾಮಂಡಲಪೇಟೆ’ ಎಂದು ಹೆಸರಿತ್ತೆಂದೂ ಚರಿತ್ರಕಾರರು ಹೇಳುವರು. ಯುದ್ಧದ ಕಾರ್ಖಾನೆಗೆ ಇಷ್ಟು ಸುಂದರವಾದ ಹೆಸರು ಬೇರೆ ಯಾವ ದೇಶದಲ್ಲಿಯೂ ಇರಲಾರದು. ಟಿಪ್ಪುವಿನ ಆಜ್ಞೆಯಿಂದ ರಚಿತವಾದ ಫತಹುಲ್ ಮುಜಾಹಿದೀನ್ ಎಂಬ ಪಾರಸೀ ಸೇನಾಗ್ರಂಥವು ದಂಡಿನ ಒಂದೊಂದು ‘ಕುಷೂನ್’ ದಳಕ್ಕೂ 200 ಮಂದಿ ಬಾಣದವರನ್ನು ಗೊತ್ತುಮಾಡಿತ್ತು. ನಳಿಗೆಯ ಗಾತ್ರವನ್ನೂ ಶತ್ರುವಿನ ದೂರವನ್ನೂ ಅಂದಾಜುಮಾಡಿ ಬಾಣವನ್ನು ಎಷ್ಟು ಎತ್ತಿ ಹಿಡಿಯಬೇಕೆಂಬುದನ್ನು ಅವರಿಗೆ ಕಲಿಸುತ್ತಿದ್ದರು. ಹಲವು ಬಾಣಗಳನ್ನು ಒಟ್ಟಿಗೆ ಹಾರಿಸುವ ಗಾಲಿಯ ಬಂಡಿಗಳೂ ಇದ್ದುವು.

ಈ ಬಾಣಗಳು ಪ್ರಸಿದ್ಧಿಗೆ ಬಂದುದು 1780ರ ಸೆಪ್ಟೆಂಬರ್ 10ರಂದು ಕಂಚಿಯ ಹತ್ತಿರದ ಪೊಳ್ಳಿಲೂರಿನಲ್ಲಿ. ಕರ್ನಲ್ ಬೈಲಿಯ ಕೈಕೆಳಗಿನ ಕುಂಪಣಿಯ ದಂಡನ್ನು ಹೈದರನೂ ಟಿಪ್ಪುವೂ ಸುತ್ತುಗಟ್ಟಿದರು. ದಂಡಿನ ನಡುವೆ ನಿಂತಿದ್ದ ಮದ್ದಿನ ಬಂಡಿಗಳು ಹೊತ್ತಿಕೊಂಡು ಸಿಡಿದುವು. ಅಲ್ಲಿಗೆ ಕಾಳಗದ ಗತಿ ಮುಗಿಯಿತು. ಅವನ್ನು ಹೊತ್ತಿಸಿದುದು ಬಾಣವೋ ಫಿರಂಗಿಯ ಗುಂಡೋ ಎಂಬುದರಲ್ಲಿ ಲೇಖಕರಿಗೆ ಒಮ್ಮತವಿಲ್ಲ. ಬಾಣವೇ ಎಂದು ಹೆಮ್ಮೆಯಿಂದ ಸಾಧಿಸುವವರು ನಮ್ಮಲ್ಲಿ ಹೆಚ್ಚು. ಹಾಗೆ ಖಂಡಿತವಾಗಿ ಹೇಳಲು ಆಧಾರ ಸಾಲದು. ಬೈಲಿಯು ಸೆರೆಯಾಳಾಗಿ 1782ರಲ್ಲಿ ಶ್ರೀರಂಗಪಟ್ಟಣದಲ್ಲಿಯೇ ಸತ್ತನು. ದರಿಯಾ ದೌಲತ್ತಿನ ಗೋಡೆಯ ಮೇಲೆ ಬರೆದಿರುವ ದೊಡ್ಡ ಚಿತ್ರವು ಈ ಕಾಳಗದ್ದೇ. ಪಲ್ಲಕ್ಕಿಯಲ್ಲಿ ಕುಳಿತಿರುವ ಬೈಲಿಯನ್ನೂ ಸಿಡಿಯುತ್ತಿರುವ ಮದ್ದಿನ ಬಂಡಿಯನ್ನೂ ಅದರಲ್ಲಿ ನೋಡಬಹುದು.

ಬಾಣದ ದೋಷವನ್ನೂ ಹೇಳದಿದ್ದರೆ ನ್ಯಾಯವಾಗದು. ಅದು ಗುರಿಗೆ ನಿಷ್ಠೆಯಿಲ್ಲದ ಆಯುಧ. ನೆಲಕ್ಕೆ ತಾಗಿ ಹಾವಿನಂತೆ ಹರಿದಾಡಿ ಎಲ್ಲಿಯೋ ಹೋಗಿ ನಿಲ್ಲುವುದು. ಗಾಳಿ ಬೀಸಿದರೆ ದಾರಿ ತಪ್ಪುವುದು. ಅದರಿಂದ ಸತ್ತವರಿಗಿಂತ ಬೆದರಿದವರು ಹೆಚ್ಚು. ಬೆದರಿದವುಗಳಲ್ಲಿ ಕುದುರೆ ಎತ್ತುಗಳು ಇನ್ನೂ ಹೆಚ್ಚು. ಆದರೆ ಕತ್ತಲೆಯಲ್ಲಿ, ತೋಪಿನ ನಡುವೆ, ಅರಿಯದ ನೆಲದಲ್ಲಿ ಬೆದರಿಕೆಯೇ ಸಾಕಲ್ಲವೆ? 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನಪೇಟೆ ತೋಪಿಗೆ ನುಗ್ಗಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಪಡೆಯು ಬಾಣಗಳ ಮತ್ತು ತುಪಾಕಿಗಳ ಸುರಿಮಳೆಗೆ ಸಿಕ್ಕಿ, ದಾರಿ ತಪ್ಪಿ, ಹಲವರನ್ನು ಸೆರೆಗೆ ಬಿಟ್ಟು ಹಿಮ್ಮೆಟ್ಟಿತು. ಈ ವೆಲ್ಲೆಸ್ಲಿಯೇ ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಗೆದ್ದ ವೆಲ್ಲಿಂಗ್ಟನ್. ಅದಾದ ಒಂದು ತಿಂಗಳೊಳಗೆ, ಮೇ 2ರಂದು, ಕುಂಪಣಿಯ ಗುಂಡೊಂದು ಕೋಟೆಯೊಳಗಿನ ಬಾಣಗಳ ಉಗ್ರಾಣಕ್ಕೆ ಬಿದ್ದು ಅದು ಸ್ಫೋಟವಾಯಿತು. ಮೇ 4ರಂದು ಕೋಟೆಯು ಬಿದ್ದಿತು, ಟಿಪ್ಪುವೂ ಮಡಿದನು. ಗೆದ್ದವರು ಎಣಿಸಿದಾಗ ಬಾಣ ಹಾರಿಸುವ ಸಾಧನಗಳು 600, ಪ್ರಯೋಗಕ್ಕೆ ಸಿದ್ಧವಾಗಿದ್ದ ಬಾಣಗಳು 700, ಮದ್ದು ತುಂಬದ ಬರಿಯ ನಳಿಗೆಗಳು 9,000 ಸಿಕ್ಕಿದುವೆಂದು ಲೆಕ್ಕವುಂಟು. ಬರಿಯ ನಳಿಗೆಗಳ ಈ ಸಂಖ್ಯೆಯನ್ನು ಓದಿದಾಗಲೆಲ್ಲ ಕೊನೆಯವರೆಗೂ ಸುತ್ತಿಗೆಯನ್ನು ಕೆಳಗಿಡದ ಆ ಕಮ್ಮಾರರು ಕಣ್ಣಿಗೆ ಕಟ್ಟುವರು.

ಅವರಲ್ಲಿ ಒಬ್ಬನ ಹೆಸರೂ ನಮಗೆ ಉಳಿದಿಲ್ಲ.

ಮುಂದಿನ ಕಥೆಯು ಇಂಗ್ಲೆಂಡಿನದು. ಮೈಸೂರಿನ ಬಾಣಗಳ ಸುದ್ದಿಯೂ ಮಾದರಿಗಳೂ ವೂಲಿಚ್ಚಿನ ಸರಕಾರಿ ಆಯುಧಶಾಲೆಯನ್ನು ತಲುಪಿದುವು. ಅಲ್ಲಿಯ ಅಧಿಕಾರಿಯ ಮಗನಾದ ವಿಲಿಯಂ ಕಾಂಗ್ರೀವನು 1804ರ ಸುಮಾರಿನಲ್ಲಿ ಲಂಡನ್ನಿನಲ್ಲಿ ದೊರೆಯುವ ಅತ್ಯಂತ ದೊಡ್ಡ ಕಾಗದದ ಬಾಣಗಳನ್ನು ತನ್ನ ಸ್ವಂತ ಹಣದಿಂದ ಕೊಂಡು ಹಾರಿಸಿ ನೋಡಿದನು. ಅವು 600 ಗಜವನ್ನು ದಾಟಲಿಲ್ಲ. ಮೈಸೂರಿನವು ಸಾವಿರ ಗಜ ಹೋಗುತ್ತಿದ್ದುವೆಂಬುದು ಅವನಿಗೆ ಗೊತ್ತಿತ್ತು. ಅವನು ಮದ್ದಿನ ಪಾಕವನ್ನು ಬದಲಾಯಿಸಿದನು, ನಳಿಗೆಯನ್ನು ಬದಲಾಯಿಸಿದನು, ಉದ್ದವನ್ನೂ ಕೋಲನ್ನೂ ಬದಲಾಯಿಸಿದನು. ಒಂದೊಂದು ಸಲವೂ ದೂರವನ್ನು ಅಳೆದು ಬರೆದಿಟ್ಟನು. ಕೆಲವೇ ವರ್ಷಗಳಲ್ಲಿ ಕಬ್ಬಿಣದ ನಳಿಗೆಯ ಅವನ ಬಾಣಗಳು 3,000 ಗಜಗಳನ್ನು ಮುಟ್ಟಿದುವು. 1806ರಲ್ಲಿ ಬೂಲೋನ್, 1807ರಲ್ಲಿ ಕೋಪನ್‌ಹೇಗನ್ ಅವುಗಳಿಂದ ಉರಿದುವು. 1814ರಲ್ಲಿ ಬಾಲ್ಟಿಮೋರಿನ ಕೋಟೆಯ ಮೇಲೆ ಬಿದ್ದ ಬಾಣಗಳ ಪ್ರಸ್ತಾಪವು ಅಮೆರಿಕದ ರಾಷ್ಟ್ರಗೀತೆಯಲ್ಲಿಯೇ ಸೇರಿಕೊಂಡಿರುವುದು.

ಹದಿನೈದು ವರ್ಷಗಳಲ್ಲಿ ವಿದ್ಯೆಯು ಹೀಗೆ ಮನೆ ಬದಲಾಯಿಸಿತು. ಇದು ಹೇಗಾಯಿತು? ಕುಂಪಣಿಯವರು ಕದ್ದರೆಂದು ಹೇಳಿ ಕೈತೊಳೆದುಕೊಳ್ಳುವವರುಂಟು. ಯುದ್ಧದಲ್ಲಿ ಗೆದ್ದವನು ಸೋತವನ ಆಯುಧವನ್ನು ಎತ್ತಿಕೊಂಡು ಹೋಗುವುದು ಎಲ್ಲ ಕಾಲದಲ್ಲಿಯೂ ನಡೆದಿರುವುದೇ. ನಳಿಗೆಯನ್ನು ಒಯ್ದುದರಿಂದ ವಿದ್ಯೆಯೇಕೆ ನಮ್ಮಲ್ಲಿ ನಿಂತುಹೋಗಬೇಕು? ಬೆಂಗಳೂರಿನ ವಿಜ್ಞಾನಿಗಳಾಗಿದ್ದ ರೊದ್ದಂ ನರಸಿಂಹ ಅವರು 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳನ್ನು ಕುರಿತು ಬರೆದ ಪ್ರಬಂಧದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದಾರೆ. ನಮ್ಮಲ್ಲಿ ಕುಶಲಿಗಳಿಗೆ ಕೊರತೆಯಿರಲಿಲ್ಲ. ಆ ಕುಶಲಕ್ಕೆ ಗಣಿತವೂ ಪ್ರಯೋಗವೂ ಸೇರಿದುದು ಇಂಗ್ಲೆಂಡಿನಲ್ಲಿ ಎಂಬುದು ಅವರ ವಾದದ ಸಾರ. ಕಾಂಗ್ರೀವನಿಗಿಂತ ಅರವತ್ತು ವರ್ಷ ಮುಂಚೆಯೇ ಬೆಂಜಮಿನ್ ರಾಬಿನ್ಸ್ ಎಂಬ ಗಣಿತಜ್ಞನು ಗುಂಡಿನ ವೇಗವನ್ನು ಅಳೆಯುವ ಉಪಾಯವನ್ನು ಕಂಡುಹಿಡಿದು 1742ರಲ್ಲಿ ಗ್ರಂಥವನ್ನು ಪ್ರಕಟಿಸಿದ್ದನು. ವಿಚಿತ್ರವೆಂದರೆ ಅವನು ಸತ್ತುದು ನಮ್ಮ ನೆರೆಯ ಕಡಲೂರಿನ ಕೋಟೆಯಲ್ಲಿ, 1751ರಲ್ಲಿ.

ನಾನು ವಾಸಿಸುವ ವಿ.ಸಿ. ಫಾರಂ ವಿಶ್ವೇಶ್ವರಯ್ಯ ನಾಲೆಯ ಹೆಸರನ್ನು ಹೊತ್ತ ಬೇಸಾಯದ ಸಂಶೋಧನಾ ಕ್ಷೇತ್ರ. ಇಲ್ಲಿಯ ಬತ್ತದ ಮಡಿಗಳ ನಡುವೆ ನಡೆದುಹೋಗುವವರಿಗೆ ಮಡಿಮಡಿಗೂ ನೆಟ್ಟ ಗುರುತಿನ ಫಲಕಗಳು ಕಾಣುವುವು. ಒಂದು ಮಡಿಗೆ ಒಂದು ಗೊಬ್ಬರ, ಪಕ್ಕದ್ದಕ್ಕೆ ಇನ್ನೊಂದು. ಬೀಜ, ನೀರು, ನಾಟಿಯ ದಿನ ಎರಡಕ್ಕೂ ಒಂದೇ. ಸುಗ್ಗಿಯಲ್ಲಿ ಬೇರೆ ಬೇರೆಯಾಗಿ ಒಕ್ಕಿ, ತೂಗಿ, ಪುಸ್ತಕದಲ್ಲಿ ಬರೆಯುವರು. ಒಂದನ್ನು ಮಾತ್ರ ಬದಲಾಯಿಸಿ ಉಳಿದುದನ್ನು ಹಾಗೆಯೇ ಇಡುವುದು, ಆದುದನ್ನು ಬರೆಯುವುದು. ವೂಲಿಚ್ಚಿನಲ್ಲಿ ನಡೆದುದು ಇದೇ ಒಕ್ಕಲುತನ. ಶ್ರೀರಂಗಪಟ್ಟಣದ ಕಮ್ಮಾರನಿಗೆ ಕಬ್ಬಿಣದ ಹದವು ಬಣ್ಣದಿಂದಲೂ ಸದ್ದಿನಿಂದಲೂ ತಿಳಿಯುತ್ತಿತ್ತು. ಅದು ಅವನ ಕೈಯಲ್ಲಿತ್ತು, ಮಗನ ಕೈಗೆ ಹೋಗುತ್ತಿತ್ತು. ಬೇಡಿಕೆಯು ನಿಂತೊಡನೆ ಮಗನು ನೇಗಿಲಿನ ಗುಳವನ್ನು ಬಡಿಯುವುದಕ್ಕೆ ಹೋದನು. ಅವನೊಡನೆ ವಿದ್ಯೆಯೂ ಹೋಯಿತು. ಆ ಕಾಲದಲ್ಲಿ ಲೀಲಾವತಿಯ ಗಣಿತವನ್ನು ಬಲ್ಲ ಪಂಡಿತರು ನಮ್ಮ ಅಗ್ರಹಾರಗಳಲ್ಲಿ ಇರಲಿಲ್ಲವೆ? ಇದ್ದರು. ಅವರು ಗ್ರಹಗಳ ಗತಿಯನ್ನು ಲೆಕ್ಕಹಾಕಿದರೇ ಹೊರತು, ತಮ್ಮ ಕೇರಿಯಿಂದ ಕೂಗಳತೆಯಲ್ಲಿದ್ದ ಕುಲುಮೆಗೆ ಹೋಗಿ, ಈ ಬಾಣವು ಇಷ್ಟೇ ದೂರ ಹೋಗುವುದೇಕೆಂದು ಕೇಳಲಿಲ್ಲ. ಕಮ್ಮಾರನನ್ನು ಅಗ್ರಹಾರದ ಜಗಲಿಗೆ ಕರೆದವರೂ ಇರಲಿಲ್ಲ. ನಾನು ಬಂದಿರುವುದು ಆ ಪಂಡಿತರ ಸಂಪ್ರದಾಯದಿಂದಲೇ ಆದುದರಿಂದ ಈ ಮಾತನ್ನು ಆಡುವ ಸಲಿಗೆ ನನಗುಂಟೆಂದು ಭಾವಿಸುವೆನು.

ಇನ್ನು ಮೊಮ್ಮಗನ ಪಕ್ಷ. 1844ರಲ್ಲಿ ವಿಲಿಯಂ ಹೇಲ್ ಎಂಬವನು ಬಾಣವನ್ನು ಬುಗುರಿಯಂತೆ ತಿರುಗಿಸಿ ಕೋಲನ್ನು ತೆಗೆದುಹಾಕಿದನು. ಆದರೆ ಫಿರಂಗಿಗಳು ಅಷ್ಟರಲ್ಲಿ ಬಹಳ ಸುಧಾರಿಸಿ ಬಾಣವು ಮೂಲೆಗೆ ಬಿದ್ದಿತು. ಅದನ್ನು ಮತ್ತೆ ಎತ್ತಿದವರು ಸೈನಿಕರಲ್ಲ. 1903ರಲ್ಲಿ ರಾಕೆಟ್ಟಿನ ಗಣಿತವನ್ನು ಪ್ರಕಟಿಸಿದ ರಷ್ಯದ ಸಿಯೋಲ್ಕೋವ್‌ಸ್ಕಿಯು ಕಲೂಗಾ ಎಂಬ ಊರಿನ ಶಾಲೆಯ ಉಪಾಧ್ಯಾಯ, ಕಿವಿಯೂ ಮಂದ. ನಮ್ಮ ವೃತ್ತಿಯವನೆಂಬ ಅಭಿಮಾನದಿಂದ ಅವನ ಹೆಸರನ್ನು ಮೊದಲು ಹೇಳುತ್ತಿದ್ದೇನೆ. 1926ರ ಮಾರ್ಚ್ 16ರಂದು ಗೊಡಾರ್ಡರು ಪೆಟ್ರೋಲನ್ನೂ ದ್ರವರೂಪದ ಆಮ್ಲಜನಕವನ್ನೂ ಉರಿಸಿ ಮೊದಲನೆಯ ದ್ರವ ರಾಕೆಟ್ಟನ್ನು ಹಾರಿಸಿದರು. ಅದು ಎರಡೂವರೆ ಸೆಕೆಂಡು ಹಾರಿ ಒಂದು ತೆಂಗಿನ ಮರದಷ್ಟು ಎತ್ತರಕ್ಕೆ ಮಾತ್ರ ಏರಿತು.

ಅನಂತರ ಯುದ್ಧ ಬಂದಿತು, ಹಣ ಬಂದಿತು. ಜರ್ಮನಿಯವರು ಪೀನೆಮುಂಡೆಯೆಂಬ ಕಡಲತೀರದಲ್ಲಿ 1942ರ ಅಕ್ಟೋಬರ್ 3ರಂದು ಹಾರಿಸಿದ ರಾಕೆಟ್ಟು 80 ಕಿಲೋಮೀಟರಿಗಿಂತ ಹೆಚ್ಚು ಎತ್ತರಕ್ಕೆ ಹೋಯಿತು. ಅದೇ ಮುಂದೆ ವಿ-2 ಎಂಬ ಹೆಸರಿನಿಂದ 1944ರ ಸೆಪ್ಟೆಂಬರಿನಿಂದ ಲಂಡನ್ನಿನ ಮೇಲೆ ಬಿದ್ದುದು. ತೂಕ 12 ಟನ್ನಿಗೂ ಹೆಚ್ಚು. ನೂಕುವ ಬಲ 25 ಟನ್ನು. ಇಲ್ಲಿಯೂ ಎದುರಾದುದು ಶ್ರೀರಂಗಪಟ್ಟಣದ ಹಳೆಯ ಪ್ರಶ್ನೆಯೇ: ಪಾತ್ರೆಯು ತಡೆಯುವುದು ಹೇಗೆ? ಕಬ್ಬಿಣವು 1,538 ಡಿಗ್ರಿಯ ಶಾಖದಲ್ಲಿ ಕರಗುವುದು. ಈ ಇಂಜಿನಿನ ಒಡಲಿನ ಉರಿಯು 2,500 ಡಿಗ್ರಿಯ ಆಸುಪಾಸು. ಕುಲುಮೆಯ ಕಮ್ಮಾರನಿಗೆ ಇದು ಅಸಾಧ್ಯವೆಂದೇ ತೋರುತ್ತಿತ್ತು. ಆದರೆ ಉತ್ತರವು ನಮ್ಮ ಬಚ್ಚಲುಮನೆಯಲ್ಲಿದೆ. ಹಂಡೆಯಲ್ಲಿ ನೀರಿರುವವರೆಗೆ ಕೆಳಗೆ ಎಷ್ಟು ಸೌದೆಯನ್ನು ಒಟ್ಟಿದರೂ ತಳ ಸುಡುವುದಿಲ್ಲ. ನೀರು ಬತ್ತಿದ ಹಂಡೆಯೋ ಕ್ಷಣದಲ್ಲಿ ಕೆಡುವುದು. ಜರ್ಮನಿಯ ಇಂಜಿನಿಯರುಗಳು ಉರಿಯುವ ಕೋಣೆಗೆ ಎರಡು ಗೋಡೆಗಳನ್ನು ಕಟ್ಟಿ, ಉರಿಯಬೇಕಾದ ಮದ್ಯಸಾರವನ್ನೇ ಮೊದಲು ಆ ಗೋಡೆಗಳ ನಡುವೆ ಹರಿಯಿಸಿ, ಶಾಖವನ್ನು ಹೀರಿಸಿ, ಆಮೇಲೆ ಒಲೆಗೆ ಬಿಟ್ಟರು. ಒಳಗೋಡೆಯ ಮೇಲೆ ಅದೇ ಮದ್ಯಸಾರದ ತೆಳುವಾದ ಪೊರೆಯೂ ಹರಿಯುವಂತೆ ಸಣ್ಣ ರಂಧ್ರಗಳನ್ನು ಇಟ್ಟರು. ಮದ್ಯಸಾರಕ್ಕೆ ಕಾಲುಭಾಗ ನೀರನ್ನೂ ಬೆರೆಸಿದರು. ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಮದ್ಯಸಾರ ತೆಗೆಯುವುದನ್ನು ಬಲ್ಲ ಮಂಡ್ಯದವರಿಗೆ ಈ ದ್ರವವು ಹೊಸದಲ್ಲ. ಜರ್ಮನಿಯಲ್ಲಿ ಅದನ್ನು ಆಲೂಗಡ್ಡೆಯಿಂದ ಬಟ್ಟಿಯಿಳಿಸುತ್ತಿದ್ದರು. ಜನರು ರೊಟ್ಟಿಗಾಗಿ ಸಾಲುಗಟ್ಟಿ ನಿಂತಿದ್ದ ಕಾಲದಲ್ಲಿ ಬಂಡಿಬಂಡಿ ಗೆಡ್ಡೆಗಳು ಈ ಒಲೆಗೆ ಹೋದುವು.

ವಿಮಾನದ ಇಂಜಿನಿನ ಕಥೆಯು ಇನ್ನೂ ಭಯಂಕರ. ಗಾಯವನ್ನು ತೊಳೆಯುವುದಕ್ಕೆ ವೈದ್ಯರು ಬಳಸುವ, ನೊರೆಯುಕ್ಕುವ ಹೈಡ್ರೋಜನ್ ಪೆರಾಕ್ಸೈಡನ್ನು ವಾಚಕರು ಬಲ್ಲರು. ಸೀಸೆಯಲ್ಲಿ ಅದು ನೂರರಲ್ಲಿ ಮೂರೋ ನಾಲ್ಕೋ ಪಾಲು, ಉಳಿದುದು ನೀರು. ಅದನ್ನೇ ನೂರಕ್ಕೆ 80ರಷ್ಟು ಗಟ್ಟಿಮಾಡಿ, ಇನ್ನೊಂದು ದ್ರವವನ್ನು ತಾಗಿಸಿದರೆ, ಸುಟ್ಟ ಸುಣ್ಣಕ್ಕೆ ನೀರು ಬಿದ್ದೊಡನೆ ಕುದಿಯುವುದಿಲ್ಲವೆ, ಅದರ ಸಾವಿರಪಾಲು ರಭಸದಿಂದ, ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುವುದು. ಇದೇ ಉಪಾಯದ ಮೆಸ್ಸರ್‌ಸ್ಮಿಟ್ 163 ಎಂಬ ವಿಮಾನವು ಗಂಟೆಗೆ ಸಾವಿರ ಕಿಲೋಮೀಟರಿನ ಸಮೀಪಕ್ಕೆ ಹೋಯಿತು. ಆದರೆ ಏಳೆಂಟು ನಿಮಿಷಗಳಲ್ಲಿ ಇಂಧನ ತೀರುತ್ತಿತ್ತು. ಇಳಿಯುವಾಗ ತುಸು ಉಳಿದಿದ್ದರೂ ವಿಮಾನವು ಸಿಡಿಯುವ ಭಯ; ಸೋರಿದರೆ ಚಾಲಕನ ಮೈಯನ್ನೇ ತಿನ್ನುವ ಭಯ. ಶತ್ರುಗಳಿಗೆ ಅದರಿಂದ ಆದ ನಷ್ಟ ಅಲ್ಪ. ಅದೇ ಕಾಲದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕೆಲವು ತರುಣರು ಭಾರದ ವಿಮಾನಗಳನ್ನು ಸಣ್ಣ ಬಯಲಿನಿಂದ ಮೇಲಕ್ಕೆತ್ತುವ ರಾಕೆಟ್ಟುಗಳನ್ನು ಮಾಡುತ್ತಿದ್ದರು; 1941ರ ಆಗಸ್ಟಿನಲ್ಲಿ ಮೊದಲನೆಯ ಪರೀಕ್ಷೆ ನಡೆಯಿತು. ಅವರ ಮದ್ದು ಉಗ್ರಾಣದಲ್ಲಿ ಕೆಲವು ದಿನ ಇದ್ದರೆ ಬಿರುಕು ಬಿಡುತ್ತಿತ್ತು. ಬಿರುಕಿನೊಳಗೂ ಉರಿ ಹೊಕ್ಕು, ಒಮ್ಮೆಗೇ ಹೊಗೆ ಹೆಚ್ಚಿ, ನಳಿಗೆ ಸಿಡಿಯುತ್ತಿತ್ತು. ನಮ್ಮ ಹೂಕುಂಡದ ರೋಗವೇ! 1942ರಲ್ಲಿ ಅವರು ರಸ್ತೆಗೆ ಹಾಕುವ ಡಾಂಬರನ್ನು ಕರಗಿಸಿ, ಅದರಲ್ಲಿ ಆಮ್ಲಜನಕವನ್ನು ಕೊಡುವ ಲವಣವನ್ನು ಕಲಸಿ ಎರಕ ಹೊಯ್ದರು. ಡಾಂಬರು ಬಿರುಕು ಬಿಡಲಿಲ್ಲ. ಇಂದಿನ ಘನ ಇಂಧನದ ರಾಕೆಟ್ಟುಗಳ ವಂಶವು ಆ ಬಾಂಡಲೆಯಿಂದ ಆರಂಭವಾಗುವುದೆಂದು ಹೇಳಬಹುದು.

ಯುದ್ಧದಿಂದಲೇ ವಿದ್ಯೆ ಬೆಳೆಯುವುದೆಂದು ಹೇಳುವವರುಂಟು. ಆ ಮಾತನ್ನು ನಾನು ಒಪ್ಪಲಾರೆ. ಗಣಿತವು ಶಾಂತಿಕಾಲದ ಉಪಾಧ್ಯಾಯನದು; ಮೊದಲನೆಯ ಪ್ರಯೋಗವು ಶಾಂತಿಕಾಲದ ಪ್ರಾಧ್ಯಾಪಕನದು. ಯುದ್ಧವು ಕೊಟ್ಟುದು ಅವಸರವನ್ನು. ಆ ಅವಸರಕ್ಕೆ ತೆತ್ತ ಬೆಲೆಯನ್ನೂ ಕೇಳಿರಿ: ವಿ-2 ರಾಕೆಟ್ಟುಗಳನ್ನು ಬೆಟ್ಟದ ಸುರಂಗಗಳಲ್ಲಿ ಜೋಡಿಸಿದವರು ಮಿಟ್ಟೆಲ್‌ಬೌ-ಡೋರಾ ಶಿಬಿರದ ಕೈದಿಗಳು. ಹಸಿವಿನಿಂದಲೂ ಹೊಡೆತದಿಂದಲೂ ರೋಗದಿಂದಲೂ ಅಲ್ಲಿ ಸತ್ತವರು ಸುಮಾರು 20,000. ಆ ರಾಕೆಟ್ಟುಗಳು ಬಿದ್ದು ಸತ್ತವರಿಗಿಂತ ಇವರ ಸಂಖ್ಯೆ ಹೆಚ್ಚು.

ನಮ್ಮ ನಾಡಿನ ಬಾಣಗಳಲ್ಲಿ ಈಗ ಉಳಿದಿರುವುದೇನು? ಬಹುಕಾಲದವರೆಗೆ ಜನರು ಹೇಳುತ್ತಿದ್ದುದು ವೂಲಿಚ್ಚಿನ ವಸ್ತುಸಂಗ್ರಹದಲ್ಲಿದ್ದ ಎರಡೇ ನಳಿಗೆಗಳನ್ನು. ಆದರೆ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ, ಎಂದರೆ ಹೈದರನು 1763ರಲ್ಲಿ ಗೆದ್ದು ತನ್ನ ಹೆಸರಿಟ್ಟ ಹಳೆಯ ಬಿದನೂರಿನಲ್ಲಿ, ಅಡಕೆ ತೋಟದ ಪಾಳುಬಾವಿಯೊಂದರಿಂದ 2002ರಲ್ಲಿ ಕೆಲವು ಕಬ್ಬಿಣದ ನಳಿಗೆಗಳು ದೊರೆತು, ಅವು ಬಾಣಗಳೆಂಬುದು ಹತ್ತು ವರ್ಷಗಳ ಮೇಲೆ ಗೊತ್ತಾಯಿತು. 2018ರ ಜುಲೈ ತಿಂಗಳಲ್ಲಿ ಪುರಾತತ್ತ್ವ ಇಲಾಖೆಯವರು ಅದೇ ಬಾವಿಯನ್ನು ಅಗೆಯಿಸಿದಾಗ ಸಾವಿರಕ್ಕೂ ಹೆಚ್ಚು ಬಾಣಗಳು ಹೊರಬಂದುವು. ಒಂದೊಂದೂ 23ರಿಂದ 26 ಸೆಂಟಿಮೀಟರು ಉದ್ದ. ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದುವು. ಅವನ್ನು ಶಿವಮೊಗ್ಗದ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಒಯ್ದರು. ಅಲ್ಲಿ ಅಗೆಯಬೇಕೆಂದು ಇಲಾಖೆಯವರಿಗೆ ತೋರಿದುದಕ್ಕೆ ಕಾರಣವನ್ನು ಕೇಳಿದರೆ ಆಶ್ಚರ್ಯವಾಗುವುದು: ಇನ್ನೂರು ವರ್ಷಗಳು ಕಳೆದಿದ್ದರೂ ಬಾವಿಯ ಮಣ್ಣು ಮದ್ದಿನ ವಾಸನೆಯನ್ನು ಬೀರುತ್ತಿತ್ತು.